ವಿಂಡೋಸ್‌ನಲ್ಲಿ ಮಾತ್ರ ನಡೆಯುವ ಅಂಕಿಅಂಶ ತಂತ್ರಾಂಶವನ್ನು ಉಬುಂಟುವಿನಲ್ಲಿ ನಡೆಸುವ ಬಗೆ ಯಾವುದು?

ಸವಳುನೆಲ (ಗಂಗಾವತಿ)

ಎಲ್ಲರಿಗೂ ನಮಸ್ಕಾರ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ಸವಳು-ಜವಳು ಭೂಮಿಯಲ್ಲಿ ಭತ್ತದ ತಳಿಗಳ ಮೇಲೆ ಪ್ರಯೋಗ ನಡೆಸುತ್ತಿರುವ ಸಂಶೋಧನಾ ವಿದ್ಯಾರ್ಥಿನಿ ನಾನು. ನನ್ನ ಲ್ಯಾಪ್‌ಟಾಪ್ 2016ರದು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಬೆಂಬಲ ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇದರಲ್ಲಿಲ್ಲ, ಪ್ರೊಸೆಸರ್ ಕೂಡ ಅವರ ಪಟ್ಟಿಯಲ್ಲಿಲ್ಲ. ಹೊಸ ಯಂತ್ರ ಕೊಳ್ಳಲು ಸದ್ಯಕ್ಕೆ ಹಣವಿಲ್ಲದ ಕಾರಣ ಗೆಳತಿಯೊಬ್ಬಳ ನೆರವಿನಿಂದ ಉಬುಂಟು ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ ಹಾಕಿಕೊಂಡೆ. ಬರವಣಿಗೆ, ಓದು, ಮಿಂಚಂಚೆ ಎಲ್ಲವೂ ಚೆನ್ನಾಗಿಯೇ ನಡೆಯುತ್ತಿವೆ.

ತೊಡಕು ಇರುವುದು ಒಂದೇ ಕಡೆ. ನಮ್ಮ ವಿಭಾಗದಲ್ಲಿ ಬಹಳ ವರ್ಷಗಳಿಂದ ಬಳಸುತ್ತಿರುವ ಅನೋವಾ (ಉಪಚಾರಗಳ ನಡುವಿನ ವ್ಯತ್ಯಾಸ ನಿಜವೋ ಆಕಸ್ಮಿಕವೋ ಎಂದು ಅಳೆಯುವ ವಿಶ್ಲೇಷಣೆ) ತಂತ್ರಾಂಶ ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತದೆ. ಅದು 32 ಬಿಟ್‌ನದು, ಅದರ ದತ್ತಾಂಶವೆಲ್ಲ ಎಂಡಿಬಿ (ಮೈಕ್ರೋಸಾಫ್ಟ್ ಆಕ್ಸೆಸ್ ಡೇಟಾಬೇಸ್) ಕಡತಗಳಲ್ಲಿ ಕುಳಿತಿದೆ, ಮತ್ತು ನಮ್ಮ ಮಾರ್ಗದರ್ಶಕರು ಎಸ್.ಇಎಂ. (ಸರಾಸರಿಯ ಪ್ರಮಾಣಿತ ದೋಷ) ಹಾಗೂ ಶೇಕಡ 5ರ ಸಿ.ಡಿ. (ಎರಡು ಸರಾಸರಿಗಳ ವ್ಯತ್ಯಾಸ ಗಣನೀಯವೆನ್ನಲು ಮೀರಬೇಕಾದ ಮಿತಿ) ಮೌಲ್ಯಗಳನ್ನು ಅದೇ ಕೋಷ್ಟಕದ ರೂಪದಲ್ಲಿ ಬಯಸುತ್ತಾರೆ. ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸ್‌ನಲ್ಲಿ ನಡೆಸುವ ವೈನ್ ಹಾಕಿ ನೋಡಿದೆ. ತಂತ್ರಾಂಶ ತೆರೆಯುತ್ತದೆ, ಕಿಟಕಿಯೂ ಕಾಣುತ್ತದೆ, ಆದರೆ ಕಡತ ತೆರೆಯುವಾಗ ಡೇಟಾಬೇಸ್ ಎಂಜಿನ್ ಸಿಗಲಿಲ್ಲವೆಂದು ಹೇಳಿ ನಿಂತುಬಿಡುತ್ತದೆ. ಇದಲ್ಲದೆ ಹಿಂದಿನವರು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಊರುಗಳ ಹೆಸರುಗಳೆಲ್ಲ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತಿವೆ. ಯಂತ್ರದಲ್ಲಿರುವುದು 8 ಜಿಬಿ ಮೆಮೊರಿ. ವೈನ್‌ನಲ್ಲೇ ಮುಂದುವರಿಯಬೇಕೇ, ವರ್ಚುವಲ್‌ಬಾಕ್ಸ್‌ಗೆ (ಉಬುಂಟುವಿನೊಳಗೆ ಇನ್ನೊಂದು ಪೂರ್ಣ ವಿಂಡೋಸ್ ನಡೆಸುವ ತಂತ್ರಾಂಶಕ್ಕೆ) ಹೋಗಬೇಕೇ, ಇಲ್ಲವೇ ಮತ್ತೆ ವಿಂಡೋಸ್ 10ನ್ನೇ ಹಾಕಿಸಬೇಕೇ?

ಎರೆಹೊಲ (ಸಿಂಧನೂರು)

ಮತ್ತೆ ವಿಂಡೋಸ್ 10 ಹಾಕುವ ಯೋಚನೆಯನ್ನು ದಯವಿಟ್ಟು ಬಿಡಿ. ಭದ್ರತಾ ತಿದ್ದುಪಡಿ ಬಾರದ ವ್ಯವಸ್ಥೆಯಲ್ಲಿ ಬ್ಯಾಂಕಿನ ವ್ಯವಹಾರವನ್ನೂ ಪ್ರಬಂಧವನ್ನೂ ಇಟ್ಟುಕೊಳ್ಳುವುದು ಸರಿಯಲ್ಲ.

ಹರಿಗೋಲು (ಆನೆಗೊಂದಿ)

ಒಂದು ತಿದ್ದುಪಡಿ. ವೈಯಕ್ತಿಕ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ವಿಸ್ತರಿತ ಭದ್ರತಾ ತಿದ್ದುಪಡಿಗಳಿಗೆ ನೋಂದಾಯಿಸಿಕೊಳ್ಳುವ ಅವಕಾಶವನ್ನು ಮೈಕ್ರೋಸಾಫ್ಟ್ ನೀಡಿದೆ. ಆದ್ದರಿಂದ ಬಾಗಿಲು ಅಂದೇ ಪೂರ್ತಿ ಮುಚ್ಚಿತೆಂದು ಹೇಳುವಂತಿಲ್ಲ. ಆದರೂ ಅದು ಗಡುವನ್ನು ಒಂದು ವರ್ಷ ಮುಂದೂಡುವ ಉಪಾಯವೇ ಹೊರತು ಪರಿಹಾರವಲ್ಲ.

ಈಗ ನಿಮ್ಮ ವೈನ್ ವಿಷಯಕ್ಕೆ ಬರುತ್ತೇನೆ. ವೈನ್ ಎಂಬುದು ಪೂರ್ಣ ವಿಂಡೋಸ್ ಅಲ್ಲ. ತಂತ್ರಾಂಶವು ವಿಂಡೋಸ್‌ಗೆ ಮಾಡುವ ಕರೆಗಳನ್ನು ಲಿನಕ್ಸ್‌ಗೆ ತಿಳಿಯುವ ಕರೆಗಳಾಗಿ ಮಾರ್ಪಡಿಸುವ ಪದರ ಅದು. 1993ರಿಂದ ಬೆಳೆದುಬಂದ ಆ ಯೋಜನೆಯ 1.0 ಆವೃತ್ತಿ ಹೊರಬಂದದ್ದು 2008ರಲ್ಲಿ, ಅಂದರೆ ಹದಿನೈದು ವರ್ಷಗಳ ಶ್ರಮದ ಬಳಿಕ. ಹಾಗಾಗಿ ತಂತ್ರಾಂಶದ ಕಿಟಕಿ ತೆರೆದ ಮಾತ್ರಕ್ಕೆ ಅದು ಅವಲಂಬಿಸಿರುವ ಉಳಿದ ಭಾಗಗಳೆಲ್ಲ ಅಲ್ಲಿವೆ ಎಂದು ಭಾವಿಸಬಾರದು. ನೀವು ಹೇಳುವ ಲಕ್ಷಣ ನೋಡಿದರೆ ನಿಮ್ಮ ತಂತ್ರಾಂಶ ವಿಷುಯಲ್ ಬೇಸಿಕ್ 6ರ ಕಾಲದ್ದು, ಮತ್ತು ಎಂಡಿಬಿ ಕಡತ ಓದಲು ಅದಕ್ಕೆ ಜೆಟ್ ಎಂಬ ಡೇಟಾಬೇಸ್ ಎಂಜಿನ್ ಬೇಕು. ವೈನ್‌ಟ್ರಿಕ್ಸ್ ಎಂಬ ಸಹಾಯಕ ತಂತ್ರಾಂಶದ ಮೂಲಕ ವಿಬಿ6ರನ್, ಎಂಡಿಎಸಿ28, ಜೆಟ್40 ಎಂಬ ಮೂರನ್ನೂ ಹಾಕಿ. ಇವು 32 ಬಿಟ್ ಪ್ರಿಫಿಕ್ಸ್‌ನಲ್ಲಿಯೇ (ವೈನ್ ತನ್ನ ವಿಂಡೋಸ್ ಕಡತಗಳನ್ನು ಇಡುವ ಫೋಲ್ಡರ್‌ನಲ್ಲಿಯೇ) ಸರಿಯಾಗಿ ಕೂರುವುದರಿಂದ, ಈಗಿರುವ ಪ್ರಿಫಿಕ್ಸ್‌ನಲ್ಲಿ ಪ್ರಯತ್ನಿಸದೆ ವೈನ್‌ಆರ್ಚ್ ಎಂಬುದನ್ನು ವಿನ್32 ಎಂದು ನಿಗದಿಪಡಿಸಿ ಹೊಸದಾಗಿ ಬೇರೊಂದು ಪ್ರಿಫಿಕ್ಸ್ ಮಾಡಿಕೊಳ್ಳಿ. ಹಳೆಯದನ್ನು ಅಳಿಸಬೇಕಾಗಿಲ್ಲ, ಎರಡೂ ಅಕ್ಕಪಕ್ಕದಲ್ಲಿ ಇರಬಲ್ಲವು.

ಲೆಕ್ಕದ ಮನೆ (ರಾಯಚೂರು)

ನನಗೆ ಮೂಲ ಪ್ರಶ್ನೆಯ ಬಗ್ಗೆಯೇ ಆಕ್ಷೇಪವಿದೆ. ಹಳೆಯ ತಂತ್ರಾಂಶವನ್ನು ಹೊತ್ತು ತಿರುಗುವುದು ಏತಕ್ಕೆ? ಆರ್ ಎಂಬ ಅಂಕಿಅಂಶ ವಿಶ್ಲೇಷಣೆಯ ಭಾಷೆ ಲಿನಕ್ಸ್, ಮ್ಯಾಕ್, ವಿಂಡೋಸ್ ಮೂರರಲ್ಲಿಯೂ ಒಂದೇ ರೀತಿ ನಡೆಯುತ್ತದೆ, ಉಚಿತವಾಗಿ ಸಿಗುತ್ತದೆ, ಮತ್ತು ಕೃಷಿ ಪ್ರಯೋಗಗಳಿಗೆಂದೇ ಅಗ್ರಿಕೋಲೇ ಎಂಬ ಪ್ಯಾಕೇಜ್ ಅದರಲ್ಲಿದೆ. ಅದನ್ನು ಕಲಿಯುವುದೂ ಬೇಡವೆಂದಾದರೆ ಹಿಸಾರ್‌ನ ಚೌಧರಿ ಚರಣ್ ಸಿಂಗ್ ಹರಿಯಾಣ ಕೃಷಿ ವಿಶ್ವವಿದ್ಯಾಲಯದ ಆಪ್‌ಸ್ಟ್ಯಾಟ್ ಇದೆ, ಕೇರಳ ಕೃಷಿ ವಿಶ್ವವಿದ್ಯಾಲಯದ ಗ್ರೇಪ್ಸ್ ಇದೆ. ಎರಡೂ ಬ್ರೌಸರ್‌ನಲ್ಲಿಯೇ ನಡೆಯುವುದರಿಂದ ಯಂತ್ರದಲ್ಲಿ ಯಾವ ಕಾರ್ಯಾಚರಣಾ ವ್ಯವಸ್ಥೆ ಇದೆಯೆಂಬ ಪ್ರಶ್ನೆಯೇ ಏಳುವುದಿಲ್ಲ.

ಗಣಿದಾರಿ (ಸಂಡೂರು)

ಲೆಕ್ಕದ ಮನೆಯವರ ಮಾತನ್ನು ನಾನು ಒಪ್ಪುವುದಿಲ್ಲ. ಒಂದು ವಿಭಾಗದ ಹಲವು ವರ್ಷಗಳ ದತ್ತಾಂಶ ಒಂದು ತಂತ್ರಾಂಶದ ಒಳಗಿರುವಾಗ ಕೆಲಸ ಮಾಡುವವರಿಗೆ "ಬೇರೆಯದನ್ನು ಬಳಸಿ" ಎಂದು ಹೇಳುವುದು ಸುಲಭ. ಹಿಂದಿನ ಕೋಷ್ಟಕಗಳೊಡನೆ ಹೋಲಿಸಬೇಕಾದವರು, ಮಾರ್ಗದರ್ಶಕರಿಗೆ ಉತ್ತರ ಹೇಳಬೇಕಾದವರು ಅವರೇ ತಾನೆ. ಮೊದಲು ಹಳೆಯದು ನಡೆಯಲಿ, ಹೊಸದರ ಯೋಚನೆ ಆಮೇಲೆ.

ಒಂದು ಎಚ್ಚರಿಕೆ ಹೇಳಬೇಕು. ತಂತ್ರಾಂಶಕ್ಕೆ ಯುಎಸ್‌ಬಿ ಡಾಂಗಲ್ (ಪರವಾನಗಿಯ ಕೀಲಿಯಾಗಿ ಸಿಕ್ಕಿಸುವ ಸಾಧನ) ಇದ್ದರೆ ವೈನ್‌ನಲ್ಲಿ ಸಮಯ ಕಳೆಯಬೇಡಿ. ಡಾಂಗಲ್‌ನ ಡ್ರೈವರ್ ವಿಂಡೋಸ್‌ನ ತಿರುಳಾದ ಕರ್ನಲ್‌ನೊಂದಿಗೆ ನೇರವಾಗಿ ಮಾತನಾಡುವಂಥದ್ದು, ವೈನ್‌ನಲ್ಲಿ ಅಂಥ ಕರ್ನಲ್ ಇರುವುದಿಲ್ಲವಾದ್ದರಿಂದ ಸಾಮಾನ್ಯವಾಗಿ ಅದು ಕೆಲಸ ಮಾಡುವುದಿಲ್ಲ. ಅದಿರಿನ ಮಾದರಿಗಳ ವಿಶ್ಲೇಷಣೆಗೆ ನಾವು ಬಳಸುವ ತಂತ್ರಾಂಶದ ವಿಷಯದಲ್ಲಿ ನಾನು ಇದನ್ನು ಎರಡು ವಾರ ಕಳೆದ ಮೇಲೆ ತಿಳಿದುಕೊಂಡೆ. ಕೊನೆಗೆ ವರ್ಚುವಲ್‌ಬಾಕ್ಸ್‌ನಲ್ಲಿ ವಿಂಡೋಸ್ ಹಾಕಿ, ನನ್ನ ಬಳಕೆದಾರ ಖಾತೆಯನ್ನು ವಿಬಾಕ್ಸ್‌ಯೂಸರ್ಸ್ ಗುಂಪಿಗೆ ಸೇರಿಸಿ, ಯುಎಸ್‌ಬಿ ಫಿಲ್ಟರ್‌ನಲ್ಲಿ ಡಾಂಗಲ್ ಆರಿಸಿದ ಮೇಲೆ ಒಳಗಿನ ವಿಂಡೋಸ್ ಅದನ್ನು ಗುರುತಿಸಿತು. ಗುಂಪಿಗೆ ಸೇರಿಸಿದ ಬಳಿಕ ಒಮ್ಮೆ ಹೊರಬಂದು ಮತ್ತೆ ಒಳಹೋಗಬೇಕು, ಇಲ್ಲದಿದ್ದರೆ ಸಾಧನಗಳ ಪಟ್ಟಿ ಖಾಲಿಯಾಗಿಯೇ ಕಾಣುತ್ತದೆ.

ಸವಳುನೆಲ (ಗಂಗಾವತಿ)

ನಮ್ಮದಕ್ಕೆ ಡಾಂಗಲ್ ಇಲ್ಲ, ಸಂಖ್ಯೆಯ ಕೀಲಿ ಮಾತ್ರ ಇದೆ. ಹರಿಗೋಲು ಹೇಳಿದಂತೆ ಹೊಸ ಪ್ರಿಫಿಕ್ಸ್ ಮಾಡಿ ನೋಡುತ್ತೇನೆ. ಬ್ರೌಸರ್‌ನಲ್ಲಿ ನಡೆಯುವವುಗಳ ಬಗ್ಗೆ ಒಂದು ಹಿಂಜರಿಕೆ ಇದೆ. ಪ್ರಕಟವಾಗದ ದತ್ತಾಂಶವನ್ನು ಬೇರೆಡೆಯ ಸರ್ವರ್‌ಗೆ ಕಳುಹಿಸಲು ನಮ್ಮ ಮಾರ್ಗದರ್ಶಕರು ಒಪ್ಪುವುದಿಲ್ಲ.

ನುಡಿಜೋಳಿಗೆ (ಕೊಪ್ಪಳ)

ಊರಿನ ಹೆಸರುಗಳು ಕೆಟ್ಟು ಕಾಣುವುದಕ್ಕೆ ವೈನ್ ಕಾರಣವಲ್ಲ, ಅದನ್ನು ದೂರಬೇಡಿ. ಹಳೆಯ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿಯೇ ಕನ್ನಡದ ಅಕ್ಷರಭಾಗಗಳನ್ನು ಕೂರಿಸಲಾಗಿತ್ತು. ಕಡತದಲ್ಲಿ ಉಳಿದಿರುವುದು ಆ ಇಂಗ್ಲಿಷ್ ಸಂಕೇತಗಳು ಮಾತ್ರ. ಅದೇ ಅಕ್ಷರಶೈಲಿ ಇರುವ ಯಂತ್ರದಲ್ಲಿ ಅವು "ಕಾರಟಗಿ" ಎಂದು ಕಾಣುತ್ತವೆ, ಇಲ್ಲದ ಯಂತ್ರದಲ್ಲಿ ಚಿಹ್ನೆಗಳ ರಾಶಿಯಾಗಿ ಕಾಣುತ್ತವೆ. ನುಡಿಯ ಅಕ್ಷರಶೈಲಿ ಕಡತವನ್ನು ವೈನ್‌ನ ಸಿ ಡ್ರೈವ್‌ನೊಳಗಿನ ವಿಂಡೋಸ್ ಫೋಲ್ಡರ್‌ನ ಫಾಂಟ್ಸ್‌ಗೆ ನಕಲು ಮಾಡಿದರೆ ತೆರೆಯ ಮೇಲೆ ಸರಿಯಾಗಿ ಕಾಣಬಹುದು.

ಆದರೆ ನಿಜವಾದ ಕೆಲಸ ಆಮೇಲಿನದು. ಯೂನಿಕೋಡ್ ತಿಳಿಯದ ಹಳೆಯ ವಿಂಡೋಸ್ ತಂತ್ರಾಂಶಗಳು ಆಯಾ ಭಾಷೆಯ ಕೋಡ್ ಪೇಜ್‌ನ್ನು (ಅಕ್ಷರಗಳ ಸಂಕೇತಪಟ್ಟಿಯನ್ನು) ನಂಬಿ ನಡೆಯುತ್ತವೆ, ಕನ್ನಡಕ್ಕೆ ವಿಂಡೋಸ್‌ನಲ್ಲಿ ಅಂಥ ಕೋಡ್ ಪೇಜ್ ಎಂದೂ ಇರಲಿಲ್ಲ. ಹೀಗಾಗಿ ಯೂನಿಕೋಡ್‌ನಲ್ಲಿ "ಸಿರುಗುಪ್ಪ" ಎಂದು ಟೈಪ್ ಮಾಡಿದರೆ ನಿಮ್ಮ ತಂತ್ರಾಂಶ ಅದನ್ನು ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಉಳಿಸಿಬಿಡುತ್ತದೆ, ಆ ಹೆಸರು ಮತ್ತೆ ಸಿಗುವುದಿಲ್ಲ. ನಮ್ಮ ಮನೆಮನೆ ಸಮೀಕ್ಷೆಯ ದತ್ತಾಂಶದಲ್ಲಿ ನನಗೆ ಹೀಗೆಯೇ ಒಂದು ಹೋಬಳಿಯ ಹೆಸರುಗಳೆಲ್ಲ ಹೋದವು, ಮತ್ತೆ ಕಾಗದದ ಪ್ರಶ್ನಾವಳಿಗಳನ್ನು ತೆಗೆದು ತುಂಬಬೇಕಾಯಿತು. ಅಂದಿನಿಂದ ನಾನು ವಿಶ್ಲೇಷಣೆಯ ತಂತ್ರಾಂಶದೊಳಗೆ ಸಂಖ್ಯೆಯ ಸಂಕೇತಗಳನ್ನು ಮಾತ್ರ ಇಟ್ಟು, ಯಾವ ಸಂಖ್ಯೆ ಯಾವ ಊರು ಎಂಬುದನ್ನು ಪ್ರತ್ಯೇಕ ಕಡತದಲ್ಲಿ ಯೂನಿಕೋಡ್‌ನಲ್ಲಿ ಇಡುತ್ತೇನೆ.

ಮಾನ್ವಿ ಓದುಗ

ಎಂಡಿಬಿಯಿಂದ ದತ್ತಾಂಶ ತೆಗೆಯಲು ಆ ತಂತ್ರಾಂಶವನ್ನು ನಡೆಸಲೇಬೇಕೆಂದಿಲ್ಲ. ಎಂಡಿಬಿ ಟೂಲ್ಸ್ ಎಂಬುದನ್ನು ಉಬುಂಟುವಿನ ಭಂಡಾರದಿಂದಲೇ ಹಾಕಿಕೊಳ್ಳಬಹುದು. ಎಂಡಿಬಿ-ಟೇಬಲ್ಸ್ ಆದೇಶ ಕಡತದೊಳಗಿನ ಕೋಷ್ಟಕಗಳ ಹೆಸರನ್ನು ತೋರಿಸುತ್ತದೆ, ಎಂಡಿಬಿ-ಎಕ್ಸ್‌ಪೋರ್ಟ್ ಆದೇಶ ಅವುಗಳನ್ನು ಸಿಎಸ್‌ವಿಯಾಗಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸರಳ ಪಠ್ಯ ಕಡತವಾಗಿ) ಹೊರತೆಗೆಯುತ್ತದೆ.

ಬಳ್ಳಾರಿ ಕೋಟೆ

ಮ್ಯಾಕ್ ಬಳಸುವವರಿಗೆ ಈ ದಾರಿಗಳು ಹಾಗೆಯೇ ಅನ್ವಯಿಸುವುದಿಲ್ಲ ಎಂಬುದನ್ನೂ ಇಲ್ಲಿ ದಾಖಲಿಸುತ್ತೇನೆ. 2019ರ ಕ್ಯಾಟಲಿನಾ ಆವೃತ್ತಿಯಿಂದ ಮ್ಯಾಕ್‌ನಲ್ಲಿ 32 ಬಿಟ್ ತಂತ್ರಾಂಶಗಳು ನಡೆಯುವುದಿಲ್ಲ. 2020ರ ನವೆಂಬರ್‌ನಲ್ಲಿ ಬಂದ ಎಂ1 ಯಂತ್ರಗಳಿಂದ ಮುಂದೆ, ಮ್ಯಾಕ್‌ನಲ್ಲಿ ವಿಂಡೋಸ್ ಹಾಕಲು ಇದ್ದ ಬೂಟ್ ಕ್ಯಾಂಪ್ ಕೂಡ ಇಲ್ಲ. ಈ ಯಂತ್ರಗಳಲ್ಲಿ ಪ್ಯಾರಲಲ್ಸ್ ಅಥವಾ ಯುಟಿಎಂ ಮೂಲಕ ಎಆರ್‌ಎಂ ಪ್ರೊಸೆಸರ್ ಮಾದರಿಯ ವಿಂಡೋಸ್ 11 ಹಾಕಬಹುದು, ಅದರೊಳಗೆ ಇಂಟೆಲ್‌ಗಾಗಿ ಬರೆದ ಬಹುಪಾಲು ತಂತ್ರಾಂಶಗಳು ನಡೆಯುತ್ತವೆ. ಆದರೆ ಡ್ರೈವರ್‌ಗಳು ಎಆರ್‌ಎಂನವೇ ಆಗಿರಬೇಕು, ಹಾಗಾಗಿ ಗಣಿದಾರಿಯವರು ಹೇಳಿದ ಬಗೆಯ ಹಳೆಯ ಡಾಂಗಲ್ ಅಲ್ಲಿ ನಡೆಯುವುದಿಲ್ಲ. ಮ್ಯಾಕ್ ಕೊಳ್ಳುವ ಮುನ್ನ ಇದನ್ನು ತಿಳಿದುಕೊಳ್ಳದೆ ಹೋದುದಕ್ಕೆ ನಾನು ಇಂದಿಗೂ ಕಚೇರಿಯ ಹಳೆಯ ಯಂತ್ರದ ಮುಂದೆ ಕೂರಬೇಕಾಗಿದೆ.

ಸವಳುನೆಲ (ಗಂಗಾವತಿ)

ಬಹಳ ಸಂತೋಷದ ಸುದ್ದಿ. 32 ಬಿಟ್ ಪ್ರಿಫಿಕ್ಸ್‌ನಲ್ಲಿ ಮೂರೂ ಭಾಗಗಳನ್ನು ಹಾಕಿದ ಮೇಲೆ ಕಡತ ತೆರೆಯಿತು, ಅನೋವಾ ಕೂಡ ಬಂದಿತು. ಆದರೆ ಕೋಷ್ಟಕವನ್ನು ವರದಿಯಾಗಿ ಉಳಿಸಲು ಹೋದರೆ ಪ್ರತಿ ಸಲವೂ ತಂತ್ರಾಂಶ ಮುಚ್ಚಿಹೋಗುತ್ತದೆ. ತೆರೆಯ ಚಿತ್ರ ತೆಗೆದು ಸಂಖ್ಯೆಗಳನ್ನು ಕೈಯಿಂದ ನಕಲು ಮಾಡಿಕೊಳ್ಳುತ್ತಿದ್ದೇನೆ.

ಲೆಕ್ಕದ ಮನೆ (ರಾಯಚೂರು)

ದಯವಿಟ್ಟು ಹಾಗೆ ಕೈಯಿಂದ ನಕಲು ಮಾಡಬೇಡಿ. ಪ್ರಬಂಧಗಳಲ್ಲಿ ನಾನು ಕಂಡ ತಪ್ಪುಗಳಲ್ಲಿ ಹೆಚ್ಚಿನವು ಲೆಕ್ಕದಲ್ಲಿ ಆದವಲ್ಲ, ಸಂಖ್ಯೆಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಬರೆದುಕೊಳ್ಳುವಾಗ ಆದವು.

ಗಣಿದಾರಿ (ಸಂಡೂರು)

ಹಾಗಿದ್ದರೆ ವರ್ಚುವಲ್‌ಬಾಕ್ಸ್ ಹಾಕಿ. 8 ಜಿಬಿಯಲ್ಲಿ 3 ಜಿಬಿಯನ್ನು ಒಳಗಿನ ಯಂತ್ರಕ್ಕೆ ಕೊಟ್ಟು, ಆ ಹೊತ್ತಿನಲ್ಲಿ ಹೊರಗಡೆ ಬ್ರೌಸರ್ ಮುಚ್ಚಿಡಿ. ನಿಮ್ಮ ತಂತ್ರಾಂಶ 32 ಬಿಟ್‌ನದಾದ್ದರಿಂದ 32 ಬಿಟ್‌ನ ವಿಂಡೋಸ್ 10 ಸಾಕು, ಅದು ಕಡಿಮೆ ಮೆಮೊರಿಯಲ್ಲಿ ನಡೆಯುತ್ತದೆ. ಒಳಗಿನ ಯಂತ್ರದ ಜಾಲ ಸಂಪರ್ಕವನ್ನು ಪೂರ್ತಿ ತೆಗೆದುಬಿಡಿ. ಅಂತರ್ಜಾಲವೇ ಇಲ್ಲದ ವಿಂಡೋಸ್ 10ರಲ್ಲಿ ಭದ್ರತೆಯ ಭಯ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ. ಕಡತಗಳನ್ನು ಸಾಗಿಸಲು ಗೆಸ್ಟ್ ಅಡಿಷನ್ಸ್ ಹಾಕಿ ಒಂದೇ ಒಂದು ಫೋಲ್ಡರ್‌ನ್ನು ಹಂಚಿಕೊಳ್ಳಿ. ಮನೆಯ ಫೋಲ್ಡರ್ ಪೂರ್ತಿಯನ್ನು ಹಂಚಿಕೊಳ್ಳಬೇಡಿ.

ನಮ್ಮ ಕಡೆಯ ಬೇಸಿಗೆಯಲ್ಲಿ ಇನ್ನೊಂದು ತೊಂದರೆ ಇದೆ. ಮೇ ತಿಂಗಳ ಮಧ್ಯಾಹ್ನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಎರಡು ವ್ಯವಸ್ಥೆಗಳು ಒಟ್ಟಿಗೆ ನಡೆದರೆ ಪ್ರೊಸೆಸರ್ ಬಿಸಿಯೇರಿ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಬ್ಯಾಟರಿ ಸೊರಗಿದ್ದು ಕರೆಂಟ್ ಹೋಯಿತೆಂದರೆ ವರ್ಚುವಲ್ ಡಿಸ್ಕ್ ಅರ್ಧಕ್ಕೇ ನಿಂತು ಕೆಡಬಹುದು. ಎಲ್ಲವೂ ಸರಿಯಾಗಿ ನಡೆದ ದಿನ ಯಂತ್ರವನ್ನು ಮುಚ್ಚಿ ಅದರ ಪೂರ್ಣ ಪ್ರತಿಯೊಂದನ್ನು ಹೊರಗಿನ ಡಿಸ್ಕ್‌ನಲ್ಲಿ ಇಟ್ಟುಕೊಳ್ಳಿ. ಸ್ನ್ಯಾಪ್‌ಶಾಟ್ ಅದೇ ಡಿಸ್ಕ್‌ನಲ್ಲಿ ಇರುವುದರಿಂದ ಅದನ್ನು ಬ್ಯಾಕಪ್ ಎಂದು ತಿಳಿಯಬೇಡಿ.

ಎರೆಹೊಲ (ಸಿಂಧನೂರು)

ಪರವಾನಗಿಯ ಮಾತನ್ನು ಯಾರೂ ಎತ್ತಲಿಲ್ಲ. ಲ್ಯಾಪ್‌ಟಾಪ್‌ನೊಂದಿಗೆ ಬಂದ ವಿಂಡೋಸ್ ಪರವಾನಗಿ ಆ ಯಂತ್ರಕ್ಕೇ ಕಟ್ಟಿದ್ದು, ಅದನ್ನು ವರ್ಚುವಲ್ ಯಂತ್ರದೊಳಗೆ ಒಯ್ಯುವ ಹಕ್ಕು ಸಾಮಾನ್ಯವಾಗಿ ಇರುವುದಿಲ್ಲ.

ಹರಿಗೋಲು (ಆನೆಗೊಂದಿ)

ಎರೆಹೊಲದವರ ಮಾತು ಸರಿ. ನಿಮ್ಮ ಸಂಸ್ಥೆಗೆ ಸಾಮೂಹಿಕ ಪರವಾನಗಿ ಇದೆಯೇ ಎಂದು ಕಂಪ್ಯೂಟರ್ ಪ್ರಯೋಗಾಲಯದಲ್ಲಿ ವಿಚಾರಿಸಿ. ಅನೋವಾ ತಂತ್ರಾಂಶದ ಕೀಲಿಯನ್ನು ಎರಡನೆಯ ಯಂತ್ರದಲ್ಲಿ ಬಳಸಲು ಅನುಮತಿ ಇದೆಯೇ ಎಂಬುದನ್ನೂ ಅಲ್ಲಿಯೇ ಕೇಳಿಕೊಳ್ಳಿ. ಕದ್ದ ಪ್ರತಿಯಿಂದ ಬಂದ ಕೋಷ್ಟಕವನ್ನು ಪ್ರಬಂಧದಲ್ಲಿ ಹಾಕುವುದು ಯಾರಿಗೂ ಒಳ್ಳೆಯದಲ್ಲ.

ಸವಳುನೆಲ (ಗಂಗಾವತಿ)

ವಿಚಾರಿಸಿದೆ. ಎರಡಕ್ಕೂ ಅನುಮತಿ ಸಿಕ್ಕಿತು. ವರ್ಚುವಲ್‌ಬಾಕ್ಸ್‌ನಲ್ಲಿ ಈಗ ವರದಿಯೂ ಉಳಿಯುತ್ತಿದೆ. ಗಣಿದಾರಿಯವರಿಗೆ ತುಂಬು ಮನಸ್ಸಿನ ಕೃತಜ್ಞತೆಗಳು.

ಇದರ ನಡುವೆ ಮಾನ್ವಿ ಓದುಗರು ಹೇಳಿದಂತೆ ಸಿಎಸ್‌ವಿ ತೆಗೆದು, ಲೆಕ್ಕದ ಮನೆಯವರ ಮಾತಿಗೂ ಬೆಲೆ ಕೊಟ್ಟು ಆರ್‌ನಲ್ಲಿಯೂ ಅದೇ ವಿಶ್ಲೇಷಣೆ ಮಾಡಿದೆ. ಎರಡೂ ಉತ್ತರಗಳು ಬೇರೆ ಬೇರೆ ಬಂದವು. ನನ್ನದು ಸ್ಪ್ಲಿಟ್ ಪ್ಲಾಟ್ ವಿನ್ಯಾಸ, ಅಂದರೆ ದೊಡ್ಡ ತಾಕುಗಳನ್ನು ಉಪ ತಾಕುಗಳಾಗಿ ವಿಂಗಡಿಸಿದ್ದು. ಮುಖ್ಯ ತಾಕಿನಲ್ಲಿ 4 ನೀರಾವರಿ ಕ್ರಮಗಳು, ಉಪ ತಾಕಿನಲ್ಲಿ 4 ತಳಿಗಳು, 3 ಪುನರಾವರ್ತನೆಗಳು, ಒಟ್ಟು 48 ತಾಕುಗಳು. ಹಳೆಯ ತಂತ್ರಾಂಶದಲ್ಲಿ ನೀರಾವರಿಯ ಪರಿಣಾಮ ಗಣನೀಯವಲ್ಲ ಎಂದು ಬಂದರೆ, ಆರ್‌ನಲ್ಲಿ ಶೇಕಡ 1ರ ಮಟ್ಟದಲ್ಲಿಯೇ ಗಣನೀಯ ಎಂದು ಬಂದಿದೆ. ಯಾವುದನ್ನು ನಂಬಲಿ? ವರ್ಚುವಲ್ ಯಂತ್ರದಲ್ಲಿ ಲೆಕ್ಕ ತಪ್ಪುವ ಸಾಧ್ಯತೆ ಇದೆಯೇ?

ಬಳ್ಳಾರಿ ಕೋಟೆ

ವರ್ಚುವಲ್ ಯಂತ್ರದಲ್ಲಿಯೂ ಲೆಕ್ಕ ಮಾಡುವುದು ನಿಮ್ಮದೇ ಪ್ರೊಸೆಸರ್. ಅದರಿಂದ ಈ ಪ್ರಮಾಣದ ವ್ಯತ್ಯಾಸ ಬರುವುದಿಲ್ಲ.

ಲೆಕ್ಕದ ಮನೆ (ರಾಯಚೂರು)

ಆರ್‌ನ ಕೋಷ್ಟಕದಲ್ಲಿ ದೋಷದ ಸಾಲಿನ ಮುಂದೆ ಎಷ್ಟು ಡಿಗ್ರೀಸ್ ಆಫ್ ಫ್ರೀಡಂ (ಸ್ವತಂತ್ರ ಹೋಲಿಕೆಗಳ ಎಣಿಕೆ) ಇದೆ ಎಂಬುದನ್ನು ಮಾತ್ರ ತಿಳಿಸಿ.

ಸವಳುನೆಲ (ಗಂಗಾವತಿ)

ದೋಷದ ಸಾಲು ಒಂದೇ ಇದೆ. 30 ಎಂದಿದೆ.

ಲೆಕ್ಕದ ಮನೆ (ರಾಯಚೂರು)

ಹಾಗಾದರೆ ಕಾರಣ ಸಿಕ್ಕಿತು, ಮತ್ತು ಈ ವಿಷಯದಲ್ಲಿ ನಿಮ್ಮ ಹಳೆಯ ತಂತ್ರಾಂಶವೇ ಸರಿ. ನಾನು ಅದನ್ನು ಬಿಟ್ಟುಬಿಡಿ ಎಂದವನಾದ್ದರಿಂದ ಇದನ್ನು ಸ್ಪಷ್ಟವಾಗಿ ಒಪ್ಪಿಕೊಳ್ಳಬೇಕು.

ಸ್ಪ್ಲಿಟ್ ಪ್ಲಾಟ್‌ನಲ್ಲಿ ದೋಷ ಎರಡು. ನೀರನ್ನು ಹಾಯಿಸುವುದು ಮುಖ್ಯ ತಾಕಿಗೆ, ಒಂದು ಮುಖ್ಯ ತಾಕಿನೊಳಗಿನ ನಾಲ್ಕು ತಳಿಗಳಿಗೂ ಒಂದೇ ನೀರು. ಆದ್ದರಿಂದ ನೀರಾವರಿಯ ಮಟ್ಟಿಗೆ ನಿಮ್ಮಲ್ಲಿರುವುದು 48 ಸ್ವತಂತ್ರ ತಾಕುಗಳಲ್ಲ, 12 ಮಾತ್ರ. ಡಿಗ್ರೀಸ್ ಆಫ್ ಫ್ರೀಡಂ ಪುನರಾವರ್ತನೆಗೆ 2, ನೀರಾವರಿಗೆ 3, ಮೊದಲನೆಯ ದೋಷಕ್ಕೆ 6, ತಳಿಗೆ 3, ನೀರಾವರಿ ಮತ್ತು ತಳಿಯ ಅಂತರಕ್ರಿಯೆಗೆ 9, ಎರಡನೆಯ ದೋಷಕ್ಕೆ 24, ಒಟ್ಟು 47 ಬರಬೇಕು. ನೀವು ಆರ್‌ಗೆ ಇದನ್ನು ತಿಳಿಸದೆ ಹೋದುದರಿಂದ ಅದು 6ನ್ನೂ 24ನ್ನೂ ಕೂಡಿಸಿ 30 ಮಾಡಿತು, ಸಾಮಾನ್ಯ ಆರ್.ಬಿ.ಡಿ. (ಯಾದೃಚ್ಛಿಕ ಬ್ಲಾಕ್ ವಿನ್ಯಾಸ) ಎಂದು ಭಾವಿಸಿ ನೀರಾವರಿಯನ್ನು ಆ ಚಿಕ್ಕ ದೋಷದೊಡನೆ ಅಳೆಯಿತು. ಸವಳು ಭೂಮಿಯಲ್ಲಿ ಲವಣ ಎಲ್ಲೆಡೆ ಒಂದೇ ಸಮನಾಗಿ ಇರುವುದಿಲ್ಲ, ಹತ್ತು ಹೆಜ್ಜೆಗೆ ಒಂದೊಂದು ರೀತಿ ಇರುತ್ತದೆ. ಹಾಗಾಗಿ ಮುಖ್ಯ ತಾಕುಗಳ ನಡುವಿನ ದೋಷ ದೊಡ್ಡದಾಗಿರುವುದು ಸಹಜ, ಅದನ್ನು ಬೆರೆಸಿಬಿಟ್ಟರೆ ಇಲ್ಲದ ಪರಿಣಾಮ ಇರುವಂತೆ ಕಾಣುತ್ತದೆ.

ಆರ್‌ನಲ್ಲಿ ಅನೋವಾ ಮಾಡುವ ಎಒವಿ ಆದೇಶದ ಸೂತ್ರದಲ್ಲಿ ಎರರ್ ಎಂಬ ಪದವನ್ನು ಸೇರಿಸಿ, ಅದರೊಳಗೆ ಪುನರಾವರ್ತನೆ, ಓರೆಗೆರೆ, ಮುಖ್ಯ ಉಪಚಾರ ಎಂಬ ಕ್ರಮದಲ್ಲಿ ಬರೆಯಿರಿ. ಅದಕ್ಕೂ ಮೊದಲು ಮೂರು ಅಂಕಣಗಳನ್ನೂ ಫ್ಯಾಕ್ಟರ್ ಆಗಿ ಬದಲಾಯಿಸಿಕೊಳ್ಳಿ. 1, 2, 3, 4 ಎಂದು ಸಂಕೇತ ಕೊಟ್ಟ ನೀರಾವರಿಯನ್ನು ಆರ್ ಅಳತೆಯ ಸಂಖ್ಯೆಯೆಂದು ತಿಳಿದರೆ ಅದಕ್ಕೆ 3ರ ಬದಲು 1 ಮಾತ್ರ ಕೊಡುತ್ತದೆ.

ಗಣಿದಾರಿ (ಸಂಡೂರು)

ಹಳೆಯ ತಂತ್ರಾಂಶ ನಡೆಯದೆ ಹೋಗಿದ್ದರೆ ಈ ತಪ್ಪು ಹಾಗೆಯೇ ಪ್ರಬಂಧಕ್ಕೆ ಹೋಗುತ್ತಿತ್ತು ಎಂಬುದನ್ನು ಲೆಕ್ಕದ ಮನೆಯವರು ಗಮನಿಸಬೇಕು. ಹೊಸದಕ್ಕೆ ಹಾರಿ ಎಂದು ಹೇಳುವವರು ಹೋಲಿಕೆಗೆ ಹಳೆಯದನ್ನು ಇಟ್ಟುಕೊಳ್ಳಿ ಎಂದೂ ಹೇಳಬೇಕು.

ಲೆಕ್ಕದ ಮನೆ (ರಾಯಚೂರು)

ಗಮನಿಸಿದ್ದೇನೆ, ಒಪ್ಪಿದ್ದೇನೆ.

ಮಾನ್ವಿ ಓದುಗ

ಹೋಲಿಸುವವರು ಇನ್ನೆರಡು ಸಂಗತಿಗಳನ್ನು ನೆನಪಿಡಬೇಕು, ಇಲ್ಲದಿದ್ದರೆ ಇಲ್ಲದ ತಪ್ಪನ್ನು ಹುಡುಕುತ್ತಾ ಕೂರುತ್ತಾರೆ. ಆರ್‌ನಲ್ಲಿ 2.5ನ್ನು ಪೂರ್ಣಾಂಕಕ್ಕೆ ತಂದರೆ 2 ಬರುತ್ತದೆ, ಎಕ್ಸೆಲ್‌ನಲ್ಲಿ 3 ಬರುತ್ತದೆ. ಸರಿಯಾಗಿ ಅರ್ಧವಿದ್ದಾಗ ಹತ್ತಿರದ ಸಮಸಂಖ್ಯೆಗೆ ಹೋಗುವುದು ಆರ್‌ನ ನಿಯಮ. ಕ್ವಾರ್ಟೈಲ್ (ದತ್ತಾಂಶವನ್ನು ನಾಲ್ಕು ಪಾಲು ಮಾಡುವ ಮೌಲ್ಯಗಳು) ಲೆಕ್ಕಕ್ಕಂತೂ ಆರ್‌ನಲ್ಲಿ ಒಂಬತ್ತು ವಿಧಾನಗಳಿವೆ. ಅದು ತಾನಾಗಿ ಬಳಸುವುದು ಏಳನೆಯದನ್ನು, ಮಿನಿಟ್ಯಾಬ್ ಮತ್ತು ಎಸ್‌ಪಿಎಸ್‌ಎಸ್ ತಂತ್ರಾಂಶಗಳು ಬಳಸುವುದು ಆರನೆಯದಕ್ಕೆ ಸಮನಾದುದನ್ನು. ಎರಡೂ ಸರಿ, ಉತ್ತರ ಮಾತ್ರ ಬೇರೆ.

ನುಡಿಜೋಳಿಗೆ (ಕೊಪ್ಪಳ)

ತಾಕು ಕಳೆದುಹೋಗಿ ದತ್ತಾಂಶ ಅಸಮವಾದಾಗ ಇನ್ನೂ ಒಂದು ವ್ಯತ್ಯಾಸ ಬರುತ್ತದೆಯಲ್ಲವೇ? ನನ್ನ ಸಮೀಕ್ಷೆಯಲ್ಲಿ ಎಸ್‌ಪಿಎಸ್‌ಎಸ್ ಕೊಟ್ಟ ಉತ್ತರಕ್ಕೂ ಆರ್ ಕೊಟ್ಟ ಉತ್ತರಕ್ಕೂ ಹೊಂದಾಣಿಕೆ ಇರಲಿಲ್ಲ.

ಲೆಕ್ಕದ ಮನೆ (ರಾಯಚೂರು)

ಹೌದು. ಆರ್‌ನ ಎಒವಿ ಮೊದಲನೆಯ ಬಗೆಯ ವರ್ಗಮೊತ್ತವನ್ನು ಕೊಡುತ್ತದೆ, ಅಂದರೆ ಸೂತ್ರದಲ್ಲಿ ಯಾವುದನ್ನು ಮೊದಲು ಬರೆದಿರಿ ಎಂಬುದರ ಮೇಲೆ ಉತ್ತರ ನಿಂತಿರುತ್ತದೆ. ಎಸ್‌ಪಿಎಸ್‌ಎಸ್ ತಾನಾಗಿ ಕೊಡುವುದು ಮೂರನೆಯ ಬಗೆಯದು. ದತ್ತಾಂಶ ಸಮತೋಲನದಲ್ಲಿದ್ದರೆ ಎರಡೂ ಒಂದೇ. ಸವಳುನೆಲ ಅವರ 48 ತಾಕುಗಳೂ ಉಳಿದಿರುವುದರಿಂದ ಅವರಿಗೆ ಈ ತೊಡಕಿಲ್ಲ.

ಸವಳುನೆಲ (ಗಂಗಾವತಿ)

ಎರರ್ ಪದ ಸೇರಿಸಿದ ಮೇಲೆ ಎರಡೂ ಕೋಷ್ಟಕಗಳ ಎಫ್ ಮೌಲ್ಯಗಳು ದಶಮಾಂಶದ ನಾಲ್ಕನೆಯ ಸ್ಥಾನದವರೆಗೆ ಕೂಡಿಬಂದವು. ನೀರಾವರಿಯ ಸಿ.ಡಿ., ತಳಿಯ ಸಿ.ಡಿ., ಒಂದೇ ನೀರಾವರಿಯಲ್ಲಿ ಎರಡು ತಳಿಗಳ ಹೋಲಿಕೆಯ ಸಿ.ಡಿ., ಈ ಮೂರೂ ಸರಿಯಾಗಿವೆ. ಆದರೆ ಒಂದೇ ತಳಿಯನ್ನು ಎರಡು ನೀರಾವರಿಗಳಲ್ಲಿ ಹೋಲಿಸುವ ಸಿ.ಡಿ. ಮಾತ್ರ ಕೂಡುತ್ತಿಲ್ಲ. ಹಳೆಯ ತಂತ್ರಾಂಶದ ಮೌಲ್ಯ ಚಿಕ್ಕದು, ನಾನು ಪುಸ್ತಕದ ಸೂತ್ರದಿಂದ ಲಿಬ್ರೆಆಫೀಸ್‌ನಲ್ಲಿ ತೆಗೆದದ್ದು ದೊಡ್ಡದು. ಮೂರು ಸಲ ಮಾಡಿ ನೋಡಿದೆ. ನಾನು ಎಲ್ಲಿ ತಪ್ಪುತ್ತಿದ್ದೇನೆ?

ಲೆಕ್ಕದ ಮನೆ (ರಾಯಚೂರು)

ಈ ಹೋಲಿಕೆಯಲ್ಲಿ ಎರಡು ದೋಷಗಳೂ ಬೆರೆತಿರುತ್ತವೆ. ಉಪ ತಾಕುಗಳ ಸಂಖ್ಯೆಯಿಂದ 1ನ್ನು ಕಳೆದು ಎರಡನೆಯ ದೋಷದಿಂದ ಗುಣಿಸಿ, ಅದಕ್ಕೆ ಮೊದಲನೆಯ ದೋಷವನ್ನು ಕೂಡಿಸಿ, ಬಂದುದನ್ನು 2ರಿಂದ ಗುಣಿಸಿ, ಪುನರಾವರ್ತನೆ ಮತ್ತು ಉಪ ತಾಕುಗಳ ಗುಣಲಬ್ಧದಿಂದ ಭಾಗಿಸಿ ವರ್ಗಮೂಲ ತೆಗೆಯಬೇಕು. ನಿಮ್ಮ ವಿನ್ಯಾಸಕ್ಕೆ ಅದು, ಎರಡನೆಯ ದೋಷದ ಮೂರರಷ್ಟಕ್ಕೆ ಮೊದಲನೆಯ ದೋಷ ಸೇರಿಸಿ 6ರಿಂದ ಭಾಗಿಸಿದಾಗ ಬರುವುದರ ವರ್ಗಮೂಲ. ಟಿ ಮೌಲ್ಯವೂ ಒಂದೇ ಅಲ್ಲ. 6 ಡಿಗ್ರೀಸ್ ಆಫ್ ಫ್ರೀಡಂಗೆ 2.447, 24ಕ್ಕೆ 2.064. ಇವೆರಡನ್ನೂ ಆಯಾ ದೋಷದ ಭಾರಕ್ಕೆ ತಕ್ಕಂತೆ ಸರಾಸರಿ ಮಾಡಬೇಕು.

ಈಗ ಒಂದು ಪರೀಕ್ಷೆ ಮಾಡಿ. ಎರಡನೆಯ ದೋಷವನ್ನು ಮಾತ್ರ ತೆಗೆದುಕೊಂಡು, ಅದರ ಎರಡರಷ್ಟನ್ನು 3ರಿಂದ ಭಾಗಿಸಿ ವರ್ಗಮೂಲ ತೆಗೆದು, 2.064ರಿಂದ ಗುಣಿಸಿ. ಹಳೆಯ ತಂತ್ರಾಂಶದ ಸಂಖ್ಯೆ ಬರುತ್ತದೆಯೇ ನೋಡಿ.

ಸವಳುನೆಲ (ಗಂಗಾವತಿ)

ಬರುತ್ತದೆ. ಅದೇ ಸಂಖ್ಯೆ.

ಲೆಕ್ಕದ ಮನೆ (ರಾಯಚೂರು)

ಅಂದರೆ ನಿಮ್ಮ ತಂತ್ರಾಂಶ ಅಂತರಕ್ರಿಯೆಯ ಎರಡೂ ಬಗೆಯ ಹೋಲಿಕೆಗಳಿಗೆ ಒಂದೇ ಸಿ.ಡಿ. ಬಳಸುತ್ತಿದೆ. ಮೊದಲನೆಯ ದೋಷ ಎರಡನೆಯದಕ್ಕಿಂತ ದೊಡ್ಡದಾಗಿರುವ ಪ್ರತಿ ಪ್ರಯೋಗದಲ್ಲಿಯೂ ಅದು ಇರಬೇಕಾದುದಕ್ಕಿಂತ ಚಿಕ್ಕ ಸಿ.ಡಿ. ಕೊಟ್ಟಿರುತ್ತದೆ. ನೀವು ತಪ್ಪಿಲ್ಲ.

ಎರೆಹೊಲ (ಸಿಂಧನೂರು)

ಇದು ಸಣ್ಣ ಮಾತಲ್ಲ. ಅದೇ ತಂತ್ರಾಂಶದಿಂದ ಬಂದ ಹಿಂದಿನ ವರ್ಷಗಳ ಕೋಷ್ಟಕಗಳಲ್ಲಿಯೂ ಈ ಅಂಕಣ ಹೀಗೆಯೇ ಇರಬೇಕಲ್ಲ. ಯಾವ ತಳಿಗೆ ಎಷ್ಟು ನೀರು ಕೊಟ್ಟರೆ ಸಾಕು ಎಂಬ ಮಾತು ನಮ್ಮಂಥ ಕೊನೆಭಾಗದ ರೈತರಿಗೆ ಆ ಅಂಕಣದಿಂದಲೇ ಬರುವುದು. ನಮ್ಮ ಹೊಲಕ್ಕೆ ನೀರು ಬರುವುದೇ ಮೇಲಿನವರೆಲ್ಲ ಮುಗಿಸಿದ ಮೇಲೆ, ಆದ್ದರಿಂದ ಕೇಳುತ್ತಿದ್ದೇನೆ.

ಗಣಿದಾರಿ (ಸಂಡೂರು)

ಅವಸರದ ತೀರ್ಮಾನ ಬೇಡ. ಆ ಒಂದು ಹೋಲಿಕೆಯನ್ನು ಆಧರಿಸಿ ಶಿಫಾರಸು ಮಾಡಿದ ಕೋಷ್ಟಕಗಳು ಯಾವುವು ಎಂಬುದನ್ನು ಮೊದಲು ನೋಡಬೇಕು. ಉಳಿದ ಮೂರು ಸಿ.ಡಿ.ಗಳು ಸರಿಯಾಗಿಯೇ ಇವೆ.

ಸವಳುನೆಲ (ಗಂಗಾವತಿ)

ನಿನ್ನೆ ಮಾರ್ಗದರ್ಶಕರಿಗೆ ಎರಡೂ ಲೆಕ್ಕಗಳನ್ನು ಮುದ್ರಿಸಿ ತೋರಿಸಿದೆ. ಅವರು ಬಹಳ ಹೊತ್ತು ಮಾತನಾಡದೆ ನೋಡಿ, ತಾವೇ ಕಾಗದದ ಮೇಲೆ ಆ ಸೂತ್ರವನ್ನು ಬರೆದು ಲೆಕ್ಕ ಮಾಡಿದರು. ನನ್ನ ಪ್ರಬಂಧದಲ್ಲಿ ಆ ಸಿ.ಡಿ.ಯನ್ನು ಸರಿಯಾದ ಸೂತ್ರದಿಂದ ಹಾಕಿ, ಕೋಷ್ಟಕದ ಕೆಳಗೆ ಸೂತ್ರವನ್ನೂ ಬರೆಯಬೇಕೆಂದು ಹೇಳಿದ್ದಾರೆ. ಹಳೆಯ ಎಂಡಿಬಿ ಕಡತಗಳಲ್ಲಿ ಸ್ಪ್ಲಿಟ್ ಪ್ಲಾಟ್ ಪ್ರಯೋಗಗಳು ಎಷ್ಟಿವೆ ಎಂದು ಪಟ್ಟಿ ಮಾಡಲು ನನಗೇ ಒಪ್ಪಿಸಿದ್ದಾರೆ. ಎಲ್ಲವನ್ನೂ ಸಿಎಸ್‌ವಿಗೆ ತೆಗೆಯುವ ಕೆಲಸ ಇಂದು ಬೆಳಿಗ್ಗೆ ಶುರುವಾಯಿತು.

ನುಡಿಜೋಳಿಗೆಯವರಲ್ಲಿ ಒಂದು ಪ್ರಶ್ನೆ. ಹೊರತೆಗೆದ ಸಿಎಸ್‌ವಿಯಲ್ಲಿ ತಳಿ ಮತ್ತು ಊರಿನ ಹೆಸರುಗಳು ನುಡಿಯ ಸಂಕೇತಗಳಲ್ಲಿಯೇ ಇವೆ. ಅವನ್ನು ಯೂನಿಕೋಡ್‌ಗೆ ಬದಲಿಸಿದ ಮೇಲೆ ಲ್ಯಾಬ್‌ನ ಎಕ್ಸೆಲ್‌ನಲ್ಲಿ ತೆರೆದರೆ ಮತ್ತೆ ಕೆಟ್ಟು ಕಾಣುತ್ತಿವೆ, ಲಿಬ್ರೆಆಫೀಸ್‌ನಲ್ಲಿ ಸರಿಯಾಗಿವೆ.

ನುಡಿಜೋಳಿಗೆ (ಕೊಪ್ಪಳ)

ಕಡತವನ್ನು ಯುಟಿಎಫ್-8ರಲ್ಲಿ ಉಳಿಸುವಾಗ ಆರಂಭದ ಬಿಒಎಂ ಗುರುತು ಇಲ್ಲದಿದ್ದರೆ ಎಕ್ಸೆಲ್ ಅದನ್ನು ಯೂನಿಕೋಡ್ ಎಂದು ಗುರುತಿಸದೆ ಹೋಗುತ್ತದೆ. ಕಡತದ ಮೇಲೆ ನೇರವಾಗಿ ಒತ್ತಿ ತೆರೆಯದೆ, ಎಕ್ಸೆಲ್‌ನ ಡೇಟಾ ವಿಭಾಗದಿಂದ ಪಠ್ಯ ಕಡತವಾಗಿ ಆಮದು ಮಾಡಿಕೊಂಡು ಅಲ್ಲಿ ಯುಟಿಎಫ್-8 ಆರಿಸಿ. ಬದಲಿಸಿದ ಹೆಸರುಗಳಲ್ಲಿ ಒತ್ತಕ್ಷರ ಮತ್ತು ಅರ್ಕಾವತ್ತು ಬರುವ ಕಡೆ ಒಮ್ಮೆ ಕಣ್ಣಾಡಿಸಿ, ಪರಿವರ್ತಕಗಳು ಹೆಚ್ಚಾಗಿ ತಪ್ಪುವುದು ಅಲ್ಲಿಯೇ.

ಸವಳುನೆಲ (ಗಂಗಾವತಿ)

ಆಮದು ಮಾಡಿದೆ, ಸರಿಯಾಗಿ ಕಾಣುತ್ತಿದೆ. ಅರ್ಕಾವತ್ತು ಎರಡು ಕಡೆ ತಪ್ಪಿತ್ತು, ತಿದ್ದಿದೆ. ಪಟ್ಟಿ ಮುಗಿದ ಮೇಲೆ ಇಲ್ಲಿಯೇ ಬರೆಯುತ್ತೇನೆ.